ಬ್ರೀದರ್ ಪೈಪಿಗೆ ಕಟ್ಟಿದ ಕೈಗವಸು

ವಿಲಾಯತಿಯ ಗ್ರೀನ್‌ಫರ್ಡಿನಲ್ಲಿ ಇಂಚರಾಳ ಮನೆಯ ಗ್ಯಾರೇಜಿನಲ್ಲಿ ಕಾರು ಒಂದು ದಿನವೂ ನಿಂತದ್ದಿಲ್ಲ. ಈಗಂತೂ ನಡುಮಧ್ಯೆ ಹಳೆಯ ಮೋಟರ್‌ಸೈಕಲ್ಲು, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಂಬಳಿ ಹೊದ್ದ ಅಪ್ಪ. ಹುಬ್ಬಳ್ಳಿಯಲ್ಲಿ ಮೂವತ್ತೆಂಟು ವರ್ಷ ಗಾಡಿ ರಿಪೇರಿ ಮಾಡಿದ ಜಗನ್ನಾಥನಿಗೆ ಈಗ ಒಂದು ಸ್ಪ್ಯಾನರ್ ತಿರುಗಿಸುವಷ್ಟರಲ್ಲಿ ಏದುಸಿರು. ಹಾಗಾಗಿ ಬಾಯಿ ಅವನದು, ಕೈ ಮಗಳು ಇಂಚರಾಳದು. ಕಿವಿಯೂ ಅವಳದೇ. ಸುತ್ತಿಗೆಯ ಸದ್ದಿನಲ್ಲಿ ಅವನ ಕಿವಿ ಎಂದೋ ಕೆಟ್ಟಿತ್ತು, ಜೋರಾಗಿ ಮಾತಾಡಿದರಷ್ಟೇ ಕೇಳುತ್ತಿತ್ತು.

ಮೂರು ತಿಂಗಳ ಹಿಂದೆ ಎಜ್‌ವೇರಿನ ಯಾರದೋ ಶೆಡ್ಡಿನಿಂದ ಗಾಡಿ ಕೊಂಡು ತಂದವಳೂ ಅವಳೇ. "ಇದನ್ನ ಸುದ್ದ ಮಾಡಿ, ಒಂದ ಸುತ್ತ ಹೊಡದು, ಆಮ್ಯಾಲೆ ಊರಿಗೆ ಹೋಗತೇನಿ" ಎಂದು ಅಪ್ಪ ಅವತ್ತೇ ಹಟ ತೊಟ್ಟ. ಊರಲ್ಲಿ ಅವ್ವ ರತ್ನವ್ವ ಕಾದಿದ್ದಳು. ಮೊಣಕಾಲು ಹಿಡಿದುಕೊಂಡು ಬಾಗಿಲ ಮೆಟ್ಟಿಲನ್ನೇ ಇಳಿಯಲಾರದವಳು ವಿಮಾನ ಹತ್ತುವುದೆಲ್ಲಿ! ಪ್ರತಿ ಭಾನುವಾರ ಫೋನಿನಲ್ಲಿ ಅವಳದು ಒಂದೇ ಪ್ರಶ್ನೆ, "ಟಿಕೀಟ್ ಆತೇನು?" ಗಾಡಿ ಮುಗಿಯಲಿ ಅವ್ವಾ ಎಂದು ಇಂಚರಾ ಮಾತು ತೇಲಿಸುತ್ತಿದ್ದಳು.

ನಿಜ ಹೇಳಬೇಕೆಂದರೆ ಗಾಡಿ ತಂದದ್ದೇ ಅಪ್ಪನ ಗಮನ ಬೇರೆಡೆ ಸೆಳೆಯಲಿಕ್ಕೆ. ಅದಕ್ಕೂ ವಾರ ಮೊದಲು, ಅಪ್ಪನ ಕೆಮ್ಮು ತೋರಿಸಲು ಹೋದ ಆಸ್ಪತ್ರೆಯಲ್ಲಿ ಕೇಳಿದ್ದರು, ದುಭಾಷಿ ಬೇಕೇ ಎಂದು. ನಾನೇ ಡಾಕ್ಟರು, ನಾನೇ ಹೇಳುತ್ತೇನೆ ಎಂದು ಮುಂದೆ ಬಿದ್ದಳು ಮಹಾರಾಯ್ತಿ. ಎದೆರೋಗದ ತಜ್ಞರು ಅಪ್ಪನ ಮುಖವನ್ನೇ ನೋಡುತ್ತ, ನಿಧಾನವಾಗಿ, ಹತ್ತು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಿದರು. ಕ್ಯಾನ್ಸರ್, ಎರಡೂ ಕಡೆ ಹರಡಿದೆ, ಆರು ತಿಂಗಳು ಇದ್ದರೆ ಹೆಚ್ಚು, ಊರಿಗೆ ಹೋಗುವುದಿದ್ದರೆ ಈ ತಿಂಗಳೇ ಹೋಗಲಿ. ಇಂಚರಾ ಅಪ್ಪನ ಕಡೆ ತಿರುಗಿ ಹೇಳಿದಳು: "ಹಳೇ ನಿಮೋನಿಯಾದ ಕಲೆ ಅಂತಪ್ಪಾ. ಗುಳಿಗಿ ತಗೊಂಡು ಆರಾಮ್ ಇರ್ರಿ ಅಂದ್ರು." ಅವರ ಮನೆತನದಲ್ಲಿ ಹಿರಿಯರಿಗೆ ಇಂಥದ್ದನ್ನು ಬಾಯಿಬಿಟ್ಟು ಹೇಳಿದವರೇ ಇಲ್ಲ. ಅಜ್ಜನಿಗೂ ಹೇಳಿರಲಿಲ್ಲ. ಹೇಳಿದರೆ ಜೀವ ಕುಗ್ಗುತ್ತದೆ ಎಂಬುದು ಎಲ್ಲರ ನಂಬಿಕೆ, ಅವಳು ಓದಿದ ಓದೆಲ್ಲ ಅದರ ಮುಂದೆ ಮಂಡಿಯೂರಿತು.

ಈ ಶನಿವಾರ ಇಂಜಿನ್ ಶುರುವಾಯಿತು. ಆದರೆ ಸೀಟಿನ ಕೆಳಗಿನ ಬ್ರೀದರ್ ಪೈಪಿನಿಂದ, ಅಂದರೆ ಇಂಜಿನ್ನಿನ ಹೊಟ್ಟೆಯ ಗಾಳಿ ಹೊರಬರುವ ರಬ್ಬರ್ ಕೊಳವೆಯಿಂದ, ಬುಸುಬುಸು ಹೊಗೆ! ಎಣ್ಣೆ ಹೆಚ್ಚಾಗಿದೆಯೇನೋ ಎಂದು ಇಳಿಸಿ ಅಳತೆಗೆ ತಂದರು. ಹೊಗೆ ನಿಲ್ಲಲಿಲ್ಲ. ಪೈಪು ಬಿಚ್ಚಿ ತೊಳೆದರು. ಆಗಲೂ ಬಂತು.

"ಪ್ಲಗ್ ಬಿಚ್ಚಿ, ಆ ತೂತಿನ್ಯಾಗ ಗಾಳಿ ಬಿಡು," ಅಂದ ಅಪ್ಪ. "ಸೈಲೆನ್ಸರ್‌ದಾಗ ಸುಸ್ ಅಂದ್ರ ವಾಲ್ವ್ ಕೆಟ್ಟೈತಿ, ಒಂದ ದಿನದ ಕೆಲಸ. ಬ್ರೀದರ್‌ದಾಗ ಸುಸ್ ಅಂದ್ರ ಪಿಸ್ಟನ್ ರಿಂಗ್ ಸವದೈತಿ. ಪೂರಾ ಇಂಜಿನ್ ಬಿಚ್ಚಬೇಕು, ತಿಂಗಳಗಟ್ಟಲೆ ಹಿಡೀತೈತಿ."

ಪಿಸ್ಟನ್ ಮೇಲಕ್ಕೆ ತಂದು, ಇಂಜಿನ್ ತಿರುಗದಂತೆ ಗೇರು ಹಾಕಿ, ಹಿಂದಿನ ಬ್ರೇಕಿಗೆ ಹಗ್ಗ ಬಿಗಿದು ಅವಳು ಕಂಪ್ರೆಸರಿನ ಗಾಳಿ ಬಿಟ್ಟಳು. ಸೈಲೆನ್ಸರಿಗೆ ಕಿವಿ ಕೊಟ್ಟಳು, ಸದ್ದಿಲ್ಲ. ಬ್ರೀದರಿಗೆ ಕಿವಿ ಒಯ್ದದ್ದೇ ತಡ, ಸುಸ್ಸೆಂದು ಎಣ್ಣೆಗಾಳಿ ಕೆನ್ನೆಗೆ ಹೊಡೆಯಿತು. ತಿಂಗಳಗಟ್ಟಲೆಯಂತೆ! ತಿಂಗಳುಗಳನ್ನು ಎಲ್ಲಿಂದ ತರುವುದು? ಅವನು ಈ ವಾರವಾದರೂ ಒಂದು ಸುತ್ತು ಹೊಡೆಯಲಿ.

"ಇಲ್ಲೇನೂ ಸದ್ದಿಲ್ಲಪ್ಪಾ," ಎಂದು ಕೂಗಿ ಹೇಳಿದಳು. "ಸೈಲೆನ್ಸರ್‌ದಾಗ ಐತಿ. ವಾಲ್ವ್ ಅಷ್ಟ."

ಅಪ್ಪ ಎಣ್ಣೆಯ ಕೆಲಸಕ್ಕೆಂದು ಅವಳು ಇಟ್ಟುಕೊಂಡಿದ್ದ ನೀಲಿ ಕೈಗವಸಿನ ಡಬ್ಬಿಯಿಂದ ಒಂದನ್ನು ಎಳೆದುಕೊಂಡ. ಕುರ್ಚಿಯಿಂದ ಬಾಗಿ, ನಡುವೆ ಎರಡು ಸಲ ನಿಂತು ಉಸಿರೆಳೆದು, ಪೈಪಿನ ಬಾಯಿಗೆ ಅದನ್ನು ತೊಡಿಸಿ ದಾರ ಸುತ್ತಿದ.

"ಹುಬ್ಬಳ್ಳ್ಯಾಗ ಹುಡುಗರು ಊದೂ ಪುಗ್ಗಾ ಕಟ್ಟತಿದ್ದೆ. ಕಿವಿ ಹೋದ ಮ್ಯಾಲೆ ಕಣ್ಣಿಲೆ ಕೇಳೂದ ಕಲತೇನವಾ. ಹೂಂ, ಬಿಡು ಗಾಳಿ."

ಅವಳು ಗಾಳಿ ಬಿಟ್ಟಳು. ಕೈಗವಸು ಕದಲಿತು, ಉಬ್ಬಿತು, ಐದೂ ಬೆರಳು ಸೆಟೆದು ನಿಂತವು.

"ಗಟ್ಟಿ ಇಂಜಿನ್‌ದಾಗೂ ಒಂದೀಟ ಗಾಳಿ ಸೋರತೈತಿ. ಆದ್ರ ಮೂರ ಎಣಸೂದ್ರಾಗ ಹಿಂಗ ಕೈ ಎದ್ದ ನಿಂದ್ರೂದಿಲ್ಲ." ಅಪ್ಪ ಅವಳನ್ನೇ ನೋಡಿದ. "ನಿನಗ ಕೇಳಿಸಿತ್ತು."

"ಅಪ್ಪಾ, ಅದು..."

"ಕೇಳಿಸಿತ್ತೋ ಇಲ್ಲೋ?"

"ಕೇಳಿಸಿತ್ತು."

ಕಂಪ್ರೆಸರ್ ತಾನಾಗಿಯೇ ನಿಂತಿತು. ಅಪ್ಪ ಕೈಗವಸಿನ ದಾರ ಬಿಚ್ಚಿದ.

"ಅವತ್ತ ಆ ಡಾಕ್ಟರ್ ಹತ್ತ ನಿಮಿಷ ಮಾತಾಡಿದ. ನೀ ನನಗ ಎರಡ ಮಾತ ಹೇಳಿದಿ. ಇಂಗ್ಲಿಷ್ ಅಂದ್ರ ಹಿಂಗ ಇರತೈತೇನೋ, ಸಣ್ಣದಕ್ಕೂ ಭಾಳ ಮಾತ ಬೇಕೇನೋ ಅನಕೊಂಡೆ. ಹುಚ್ಚ ನಾ."

ಹುಬ್ಬಳ್ಳಿಯಲ್ಲಿ ಅವನದೊಂದು ನೇಮವಿತ್ತು. ಸವೆದ ಭಾಗವನ್ನು ಬಿಚ್ಚಿ ಗಿರಾಕಿಯ ಅಂಗೈ ಮೇಲಿಡುವವರೆಗೆ ಮುಂದಿನ ಮಾತೇ ಇಲ್ಲ. ಈಗ ತನ್ನ ಅಂಗೈಯನ್ನು ಅವಳ ಮುಂದೆ ಚಾಚಿದ.

"ಇಡು."

ಈ ವಾರ ಆಸ್ಪತ್ರೆಯಿಂದ ಬಂದ ಕಾಗದ ಅವಳ ಚೀಲದಲ್ಲೇ ಇತ್ತು. ತಂದು ಇಟ್ಟಳು. ಇಂಗ್ಲಿಷ್ ಅಕ್ಷರ ನೋಡಿ ಅಪ್ಪ ಅದನ್ನು ವಾಪಸು ಕೊಟ್ಟ. "ಓದು. ಒಂದ ಮಾತೂ ನುಂಗಬ್ಯಾಡ."

ಅಳುತ್ತಲೇ, ಕನ್ನಡಕ್ಕೆ ತಿರುಗಿಸುತ್ತ ಓದಿದಳು. ರೋಗದ ಹೆಸರಿಗೆ ಅವನು ರೆಪ್ಪೆ ಬಡಿಯಲಿಲ್ಲ. ಉಳಿದಿರುವುದು ಕೆಲವೇ ವಾರ ಎಂಬ ಮಾತಿಗೂ ಇಲ್ಲ. ಇನ್ನು ಮುಂದೆ ವಿಮಾನ ಪ್ರಯಾಣ ಸಾಧ್ಯವಿಲ್ಲ ಎಂಬ ಕೊನೆಯ ಸಾಲಿಗೆ ಬಂದಾಗ ಕೈ ಎತ್ತಿ ತಡೆದ.

"ಇನ್ನ ಮುಂದ ಅಂದ್ರ? ಮೊದಲ ಆಗತಿತ್ತೇನು?"

"ಊರಿಗೆ ಹೋಗೂದಿದ್ರ ಆ ತಿಂಗಳ ಹೋಗ್ಲಿ ಅಂದಿದ್ರು."

"ಆ ತಿಂಗಳ ನಾ ಗಟ್ಟಿ ಇದ್ದೆ. ಬಸ್ಸಿಗೆ ಓಡಿ ಹತ್ತತಿದ್ದೆ."

"ನೀ ಕುಗ್ಗತೀ ಅಂತ ಹೇಳಲಿಲ್ಲಪ್ಪಾ. ನನ್ನ ಹಂತ್ಯಾಕ, ಕಣ್ಮುಂದ ಇರ್ಲಿ ಅಂತ..."

ಬೈಯುತ್ತಾನೆಂದು ಕಾದಳು. ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಕಂಬಳಿ ಸರಿಮಾಡಿಕೊಂಡ, ಅಷ್ಟೇ.

"ಫೋನ್ ಹಚ್ಚು ನಿಮ್ಮವ್ವಗ. ನೀನ ಹೇಳು. ಅಕಿಗೆ ಕನ್ನಡ ಬರತೈತಿ."

ನಂಬರು ಒತ್ತಿದಳು. ಅಪ್ಪನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಎರಡನೇ ರಿಂಗಿಗೇ ಅವ್ವ ಎತ್ತಿದಳು, ಖುಷಿಯಲ್ಲಿ ಅವಳ ದನಿ ಇಡೀ ಗ್ಯಾರೇಜು ತುಂಬಿತು.

"ಇವತ್ತ ಶನಿವಾರ ಅಲ್ಲೇನ? ಒಂದ ದಿನ ಮೊದಲ ಹಚ್ಚೀರಿ ಅಂದ್ರ ಟಿಕೀಟ್ ಆತು! ಯಾವತ್ತ ಬರ್ತಾರವಾ ಅವರು?"