ಒಂದು ಮಾತಿಗೆ ಮೂರು ದಿನದ ರಜೆ

ಒಂದೇ ಒಂದು ಮಾತು ಹೇಳಿ ಬರಲು ಅವನು ಮೂರು ದಿನ ರಜೆ ಹಾಕಿದ್ದ. ನಗರದಲ್ಲಿ ಅವನದು ಮನೆಗಳಿಗೆ ಟೈಲ್ಸ್ ಹಾಕುವ ಕೆಲಸ. ಊರಿನವರು ಅವನನ್ನು ಟೈಲ್ಸ್ ಎಂದೇ ಕರೆಯುತ್ತಿದ್ದರು. ಆರು ವರ್ಷದಿಂದ ಅವನು ಕಂಡವರ ನೆಲ ನೋಡಿಕೊಂಡಿದ್ದ, ಅವನ ನೆಲವನ್ನು ಹೆಂಡತಿ ನೋಡಿಕೊಂಡಿದ್ದಳು.

ಕಾಲುವೆ ನೀರು ಹಂಚುವ ಸಂಘ ಈಗ ಹೊಸ ಪಟ್ಟಿ ಮಾಡುತ್ತಿತ್ತು. ಜಮೀನು ಯಾರ ಹೆಸರಿನಲ್ಲಾದರೂ ಇರಲಿ, ಬೇಸಾಯ ಮಾಡುವವರ ಹೆಸರು ಬರೆಸಬಹುದು. ಒಡೆಯ ಮಾತ್ರ ಖುದ್ದಾಗಿ ಬಂದು ‘ಬೇಸಾಯ ಇವರದು’ ಎನ್ನಬೇಕು. ಪಟ್ಟಿಯಲ್ಲಿದ್ದವರಿಗಷ್ಟೇ ಸಭೆಯಲ್ಲಿ ಬಾಯಿ. ಹೆಂಡತಿ ಇಷ್ಟು ವರ್ಷ ಸಭೆಯ ಬಾಗಿಲಲ್ಲಿ ನಿಂತು, ಯಾರಿಗೂ ಬೇಡವಾದ ನಡುಮಧ್ಯಾಹ್ನದ ಸರದಿ ಹಿಡಿದುಕೊಂಡು ಮನೆಗೆ ಬರುತ್ತಿದ್ದಳು. ಆ ಬಿಸಿಲಿನಲ್ಲಿ ನೀರು ಅವಳ ಹೊಲ ಮುಟ್ಟುವ ಮೊದಲೇ ಕಾಲುವೆಯೇ ಅದನ್ನು ಕುಡಿದು ಮುಗಿಸಿರುತ್ತಿತ್ತು.

“ಬಂದು ಒಂದು ಮಾತು ಹೇಳಿ ಹೋಗಿ. ಬೇರೆ ಏನೂ ತರ್ಬೇಡಿ,” ಎಂದಿದ್ದಳು ಫೋನಿನಲ್ಲಿ. ಅವನು ಖುಷಿಯಿಂದಲೇ ಒಪ್ಪಿದ್ದ. ಬಸ್ಸಿನಲ್ಲಿ ಆ ಮಾತನ್ನು ಎರಡು ಸಲ ಬಾಯಿಪಾಠವೂ ಮಾಡಿದ್ದ.

ಸಂಘದ ಕಚೇರಿ ಒಂದೇ ಕೋಣೆ. ಗಾಳಿಗಿಂತ ಸದ್ದನ್ನೇ ಹೆಚ್ಚು ಬೀಸುವ ಒಂದು ಫ್ಯಾನು. ಪುಸ್ತಕದ ತುಂಬ ಗಂಡಸರ ಹೆಸರು, ಸಾಲಿನ ತುಂಬ ಹೆಂಗಸರು. ನಡುನಡುವೆ ಅವನ ಹಾಗೆಯೇ ರಜೆ ಹಾಕಿ ಬಂದ ಮೂರ್ನಾಲ್ಕು ಇಸ್ತ್ರಿ ಅಂಗಿಗಳು. ಅದರಲ್ಲೊಬ್ಬ ಲಾರಿ ಡ್ರೈವರು, ಅವನ ಹಳೆಯ ಸಹಪಾಠಿ, ಸರಿಯಾಗಿ ಬೆನ್ನಿಗೇ ನಿಂತಿದ್ದ.

“ಏನೋ ಟೈಲ್ಸ್, ಹೆಂಡ್ತಿಗೆ ಪಟ್ಟ ಕಟ್ಟೋಕೆ ಬಂದ್ಯಾ? ಇನ್ಮೇಲೆ ಸೌಟು ಹಿಡಿಯೋದು ಕಲ್ತ್ಕೋ.”

ಸಾಲಿನಲ್ಲಿ ಕಿಸಕ್ಕೆಂದು ನಗೆ ಹರಿಯಿತು. ಅಷ್ಟರಲ್ಲಿ ಕಾರ್ಯದರ್ಶಿ ತಲೆ ಎತ್ತಿದರು. “ಬೇಸಾಯ ಯಾರದಪ್ಪ?”

“ನಂದೇ,” ಎಂದುಬಿಟ್ಟ.

ಹೇಳಿದ್ದು ತಾನೇ ಎಂದು ಅವನಿಗೆ ಅರಿವಾದದ್ದು, ಪಕ್ಕದಲ್ಲಿ ಹೆಂಡತಿಯ ಉಸಿರು ಒಂದು ಕ್ಷಣ ನಿಂತಾಗ. ಕಾರ್ಯದರ್ಶಿ ಪೆನ್ನು ಕೆಳಗಿಟ್ಟರು.

“ಸಂತೋಷ. ಈ ಸಲ ಏನು ಹಾಕಿದ್ದೀಯ?”

“ಮೆಕ್ಕೆಜೋಳ.”

“ಆಲೂಗಡ್ಡೆ,” ಎಂದಳು ಹೆಂಡತಿ, ತುಟಿ ಅಲ್ಲಾಡಿಸದೆ.

“ಆಲೂಗಡ್ಡೆ ಸರ್. ಮೆಕ್ಕೆಜೋಳ ಹೋದ ವರ್ಷ.”

“ಹೋದ ವರ್ಷ ಈರುಳ್ಳಿ ರೀ.”

“ನೀರು ಯಾವ ತೂಬಿಂದ ತಗೋತೀಯ?”

“ಆ ದೊಡ್ಡ ಮರದ ಹತ್ರ ಇರೋದು...”

“ಅದು ಮುಚ್ಚಿ ನಾಲ್ಕು ವರ್ಷ ಆಯ್ತು,” ಎಂದು ಅವಳು ನೆಲ ನೋಡುತ್ತ ಪಿಸುಗುಟ್ಟಿದಳು. “ಮೂರನೇ ತೂಬು ಅನ್ನಿ.”

“ಪರೀಕ್ಷೆ ಬರೀತಿರೋದು ಅವನು ಕಣಮ್ಮ,” ಎಂದರು ಕಾರ್ಯದರ್ಶಿ. ಡ್ರೈವರು ಗೊಳ್ಳೆಂದ. ಹೆಂಡತಿ ಮಾತ್ರ ನಗಲಿಲ್ಲ. ಗಂಡ ನಾಲ್ಕು ಜನರ ಮುಂದೆ ನಗೆಪಾಟಲಾಗಬಾರದೆಂದು ತನ್ನ ಸರದಿಯನ್ನು ತಾನೇ ಕೈಯಾರೆ ಅವನಿಗೆ ಒಪ್ಪಿಸುತ್ತಿದ್ದಳು. ಅವನ ಕಿವಿ ಸುಡುತ್ತಿತ್ತು. ಆದರೆ ಒಮ್ಮೆ ಆಡಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಇಸ್ತ್ರಿ ಅಂಗಿ ಅಡ್ಡ ಬರುತ್ತಿತ್ತು.

ಒಡೆಯನ ಮಾತೇ ಕೊನೆ ಎಂಬುದು ನಿಯಮ. ಅವನ ಹೆಸರನ್ನೇ ಬರೆದರು. ಅವನು ಸಹಿ ಹಾಕಿದ. ಕಾರ್ಯದರ್ಶಿ ಹಳೆಯ ನೀರಿನ ಚೀಟಿಗಳ ಕಟ್ಟು ಬಿಚ್ಚಿ ತಾಳೆ ನೋಡಿ ತಲೆಯಾಡಿಸಿದರು.

“ಇದಾಗಲ್ಲ. ಆರು ವರ್ಷದಿಂದ ಇರೋ ಸಹಿ ಇದಲ್ಲ.”

“ನಾನೇ ಅಲ್ವಾ ಸರ್ ಒರಿಜಿನಲ್ಲು?”

“ಇರ್ಬಹುದಪ್ಪ. ಚೀಟಿ ಹಾಗನ್ನಲ್ಲ.”

ಚೀಟಿಗಳಲ್ಲಿ ಅವನ ಹೆಸರೇ ಇತ್ತು. ಅಕ್ಷರ ದುಂಡಗೆ, ಕೆಳಗೊಂದು ಧೈರ್ಯದ ಗೆರೆ. ಪ್ರತಿ ಸರದಿಗೂ ಒಡೆಯನ ಸಹಿ ಬೇಕಾಗಿ, ಒಡೆಯ ಊರಲ್ಲಿಲ್ಲದೆ, ಅವಳು ಹಾಕುತ್ತ ಬಂದದ್ದು. ಅದು ಕಾರ್ಯದರ್ಶಿಗೂ ಗೊತ್ತು, ಸಾಲಿಗೂ ಗೊತ್ತು; ಅಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರಾಗಿ ಸಹಿ ಹಾಕಿದವರೇ.

“ನೀನೇ ಹಾಕಮ್ಮ,” ಎಂದರು.

ಅವಳು ಪೆನ್ನು ತೆಗೆದುಕೊಂಡು ಬಾಗಿದಳು. ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಮಣ್ಣಿತ್ತು. ಬೇಸಾಯ ತನ್ನದಲ್ಲ ಎಂದು ಅವಳೇ ಅವನ ಹೆಸರಿನಲ್ಲಿ ಬರೆಯಬೇಕಿತ್ತು. ಮೊದಲ ಅಕ್ಷರ ದುಂಡಗಾಗುವಷ್ಟರಲ್ಲಿ ಅವನು ಹಾಳೆಯ ಮೇಲೆ ಅಂಗೈ ಇಟ್ಟ.

“ಸರ್, ಬೇಸಾಯ ಅವಳದು.”

“ಫ್ಯಾನ್ ಸದ್ದು. ಜೋರಾಗಿ ಹೇಳು.”

“ಅವಳದು ಸರ್! ನಂಗೇನೂ ಗೊತ್ತಿಲ್ಲ!”

ಇದನ್ನು ಮಾತ್ರ ಬೀದಿಯವರೆಗೂ ಕೇಳಿಸುವಂತೆ ಹೇಳಿದ. ಈ ಸಲ ಯಾರೂ ನಗಲಿಲ್ಲ. ಅದು ನಗೆಗಿಂತ ಕಷ್ಟವಾಗಿತ್ತು. ಕಾರ್ಯದರ್ಶಿ ಅವನ ಹೆಸರು ಹೊಡೆದುಹಾಕಿ ಅವಳದನ್ನು ಬರೆದು, ತಿದ್ದುಪಡಿಗೆ ಕಾರಣ ಎಂಬ ಜಾಗದಲ್ಲಿ ಪೆನ್ನು ನಿಲ್ಲಿಸಿ ನೋಡಿದರು.

“ಮರೆವು ಅಂತ ಬರ್ಕೊಳ್ಳಿ ಸರ್,” ಎಂದಳು ಹೆಂಡತಿ. “ರಾತ್ರಿಯೆಲ್ಲ ಬಸ್ಸಲ್ಲಿ ಬಂದಿದ್ದಾರೆ.”

ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಅದು ಮರೆವಲ್ಲ ಎನ್ನಲು ಬಾಯಿ ತೆರೆದ, ಆಗಲೇ ಬರೆದಾಗಿತ್ತು. ಅವಳು ಅವನ ಕಡೆ ತಿರುಗಿಯೂ ನೋಡದೆ ಮೇಜಿಗೆ ಇನ್ನಷ್ಟು ಹತ್ತಿರ ಬಂದಳು. “ಸರ್, ಬೆಳಗಿನ ಸರದಿ ಯಾವುದಾದ್ರೂ ಖಾಲಿ ಇದ್ಯಾ? ಸಭೇಲಿ ಕೇಳ್ತೀನಿ.”

ಹಿಂದಿನಿಂದ ಒಬ್ಬ ಹೆಂಗಸು ಅವನ ತೋಳನ್ನು ಮೆಲ್ಲನೆ ತಟ್ಟಿದಳು. “ಅಣ್ಣಾ, ಸ್ವಲ್ಪ ಸರ್ಕೊಳ್ಳಿ. ನಮ್ಗೆ ಹೊಲದಲ್ಲಿ ಕೆಲಸ ಇದೆ.”

ಅವನು ಸರಿದು ನಿಂತ.