ಹಳೇ ಪಂಜರದ ಇಲಿಗಳು

ಚುಕ್ಕಿ ಮೇಡಂ ಮನೆಯಲ್ಲಿ ಹೊಸದೇನಕ್ಕೂ ಪ್ರವೇಶವಿರಲಿಲ್ಲ. ಸೋಫಾದ ಹೊದಿಕೆ ಹರಿದರೆ ಅದೇ ಬಣ್ಣ, ಅದೇ ಗೆರೆಯ ಬಟ್ಟೆಗಾಗಿ ಊರೆಲ್ಲ ಅಲೆಯುತ್ತಿದ್ದಳು. ಬಲ್ಬು ಹೋದರೆ ಅಷ್ಟೇ ಮಂಕಾಗಿ ಉರಿಯುವ ಇನ್ನೊಂದನ್ನು ಹುಡುಕಿ ತರುತ್ತಿದ್ದಳು. ಟಿವಿಯಲ್ಲಿ ಒಂದೇ ಧಾರಾವಾಹಿಯ ಹಳೆಯ ಕಂತುಗಳು ಸುತ್ತುತ್ತಿದ್ದವು. ಅದರಲ್ಲಿ ನಾಯಕಿಯ ಕಳೆದುಹೋದ ತಮ್ಮ ಸಿಕ್ಕುತ್ತಿದ್ದ, ಎಲ್ಲರೂ ಅಳುತ್ತಿದ್ದರು, ಮರುವಾರ ಅವನು ಮತ್ತೆ ಕಳೆದುಹೋಗಿರುತ್ತಿದ್ದ. ಇದೆಲ್ಲ ಅಮ್ಮನ ಮಿದುಳಿನ ಕ್ಷೇಮಕ್ಕಾಗಿ.

ಚುಕ್ಕಿ ಮೇಡಂನ ನಿಜವಾದ ಹೆಸರು ಲ್ಯಾಬಿನ ಹಾಜರಿ ಯಂತ್ರಕ್ಕೆ ಮಾತ್ರ ಗೊತ್ತು. ಇಲಿಯ ಮಿದುಳನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಡಿಎನ್‌ಎ ಎಳೆ ತುಂಡಾದ ಕಡೆಯೆಲ್ಲ ಒಂದೊಂದು ಹಸಿರು ಚುಕ್ಕಿ ಹೊಳೆಯುತ್ತದೆ. ಆ ಚುಕ್ಕಿ ಎಣಿಸುವುದು ಅವಳ ಕಸುಬು. ಎಳೆ ತುಂಡಾಗುವುದೇನೂ ದೊಡ್ಡ ಸುದ್ದಿಯಲ್ಲ. ಜೀವಕೋಶದೊಳಗೆ ರಿಪೇರಿಯವರು ಸದಾ ಓಡಾಡುತ್ತಿರುತ್ತಾರೆ, ತುದಿಗೆ ತುದಿ ಸೇರಿಸಿ ಬೆಸೆದು ಮುಂದಿನ ದೂರಿಗೆ ಹೋಗುತ್ತಾರೆ. ಅಮ್ಮನಿಗೆ ಬಂದಂಥ ಮರೆವಿನ ಕಾಯಿಲೆ ಹಿಡಿದ ಮಿದುಳಿನಲ್ಲಿ ಮಾತ್ರ ದೂರುಗಳು ಬರುತ್ತಲೇ ಇರುತ್ತವೆ, ಆಳುಗಳು ಸಾಲುವುದಿಲ್ಲ.

ಎಡವಟ್ಟಾದದ್ದು ಒಂದು ಪ್ರಯೋಗದಿಂದ. ಇಲಿಯನ್ನು ಹೊಸ ಪಂಜರಕ್ಕೆ ಬಿಟ್ಟರೆ ಅದು ಮೂಲೆ ಮೂಲೆ ಮೂಸಿ ನೋಡುತ್ತದೆ. ಅಷ್ಟಕ್ಕೇ ಅದರ ಮಿದುಳಿನಲ್ಲಿ ಚುಕ್ಕಿಗಳು ಏರುತ್ತಿದ್ದವು. ಆರೋಗ್ಯವಂತ ಇಲಿಗೆ ಮರುದಿನ ಅವು ಮಾಯ. ಕಾಯಿಲೆಯ ಇಲಿಗೆ ಜಪ್ಪಯ್ಯ ಎಂದರೂ ಹೋಗುತ್ತಿರಲಿಲ್ಲ. ಉಳಿದವರು ಈ ಫಲಿತಾಂಶ ನೋಡಿ ಊಟಕ್ಕೆ ಹೋದರು. ಚುಕ್ಕಿ ಮೇಡಂ ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರನ್ನು ಕಿತ್ತುಹಾಕಿದಳು, ಅದು ತಿಂಗಳಿಗೊಂದು ಹೊಸ ಚಿತ್ರ ತೋರಿಸುತ್ತಿತ್ತು.

ಅಮ್ಮ ಡ್ರೈವಿಂಗ್ ಶಾಲೆಯಲ್ಲಿ ಗಾಡಿ ಕಲಿಸಿ ನಿವೃತ್ತಳಾದವಳು. ಅರ್ಧ ಊರು ಆಕೆಯ ಬೈಗುಳ ತಿಂದೇ ಗಾಡಿ ಕಲಿತಿತ್ತು. ಹೆತ್ತ ಮಗಳಿಗೆ ಮಾತ್ರ ಎರಡನೇ ಪಾಠದಲ್ಲೇ ಅಮ್ಮನ ತಾಳ್ಮೆ ಮುಗಿದಿತ್ತು, ಚುಕ್ಕಿ ಮೇಡಂ ಇವತ್ತಿಗೂ ಬಸ್ಸಿನಲ್ಲೇ ಓಡಾಡುತ್ತಾಳೆ. ಈಗ ಅಮ್ಮ ಮಕ್ಕಳ ಹೆಸರಿಗೂ ತಡವರಿಸುತ್ತಿದ್ದಳು. ಆದರೆ ಯಾರಾದರೂ ಕುರ್ಚಿ ಹಿಂದಕ್ಕೆಳೆದರೆ, "ಕನ್ನಡಿ ಇರೋದು ತಲೆ ಬಾಚೋಕಲ್ಲ, ಹಿಂದೆ ನೋಡಿ," ಎನ್ನುವುದು ತಪ್ಪಿರಲಿಲ್ಲ.

ಹೀಗಿರುವಾಗ ಊರಿನ ಇನ್ನೊಂದು ತುದಿಯಲ್ಲಿದ್ದ ತಂಗಿಗೆ ಹೆಣ್ಣು ಮಗುವಾಯಿತು. ಸುದ್ದಿಯೂ ಹೊಸದೇ ಆದ್ದರಿಂದ ಅಮ್ಮನಿಗೆ ಅದನ್ನು ತಿಳಿಸಲಿಲ್ಲ. ತಂಗಿಯೊಬ್ಬಳೇ ಬಂದುಹೋಗುವುದಕ್ಕೂ ಅಡ್ಡಿಯಿತ್ತು, ಅವಳ ಮೈಯಲ್ಲಿ ಎಳೆಗೂಸಿನ ಹಾಲಿನ ವಾಸನೆ. ಚುಕ್ಕಿ ಮೇಡಂ ತಾನೇ ಹೋಗಿ ಮಗುವನ್ನು ಎತ್ತಿ ಆಡಿಸಿ ಬರುತ್ತಿದ್ದಳು. ಮನೆಯೊಳಗೆ ಕಾಲಿಡುವ ಮುಂಚೆ ಗ್ಯಾರೇಜಿನಲ್ಲಿ ಬಟ್ಟೆ ಬದಲಿಸುತ್ತಿದ್ದಳು.

"ಅಕ್ಕಾ, ಮಗು ಕತ್ತು ನಿಂತಿದೆ. ಅಮ್ಮ ಇನ್ನೂ ನೋಡೇ ಇಲ್ಲ," ಎಂದು ತಂಗಿ ಒಂದು ದಿನ ಫೋನಿನಲ್ಲಿ ಗಂಟುಬಿದ್ದಳು.

"ಹೊಸ ಮುಖ, ಹೊಸ ದನಿ, ಹೊಸ ವಾಸನೆ. ಎಲ್ಲಾ ಒಟ್ಟಿಗೆ ಆಗುತ್ತೆ ಕಣೇ."

"ಅದು ಮಗು ಕಣಕ್ಕಾ, ಪಂಜರ ಅಲ್ಲ. ಇಲಿ ಲೆಕ್ಕ ಅಮ್ಮನಿಗೆ ಹಾಕ್ಬೇಡ."

"ಸ್ವಲ್ಪ ದಿನ ತಡಿ. ಅಮ್ಮ ಒಂದು ಸ್ಥಿತಿಗೆ ಬರ್ಲಿ."

"ನನ್ನನ್ನ ಮರೆಯೋಕೆ ಮುಂಚೆ ಅವಳು ನನ್ನ ಮಗೂನ ನೋಡ್ಬೇಕು. ಅಷ್ಟೇ ನಾನು ಕೇಳ್ತಿರೋದು."

ತಂಗಿ ಫೋನಿಟ್ಟಳು. ಅಮ್ಮನ ತೊಡೆಯ ಮೇಲೆ ಆ ಮಗುವನ್ನು ನೋಡುವ ಆಸೆ ಚುಕ್ಕಿ ಮೇಡಂಗೂ ಇತ್ತು. ಅಮ್ಮ ಕೈತಪ್ಪಿ ಹೋಗುತ್ತಾಳೆಂಬ ಭಯ ಆಸೆಗಿಂತ ದೊಡ್ಡದಿತ್ತು. ಅವಳು ಎದ್ದು, ಅಮ್ಮನ ಲೋಟವನ್ನು ಮೇಜಿನ ಮೇಲಿನ ಹಳೆಯ ಗುರುತಿಗೆ ಸರಿಯಾಗಿ ಸರಿಸಿಟ್ಟಳು.

ಲ್ಯಾಬಿನ ಮುಖ್ಯಸ್ಥರಿಗೆ ಯಾವುದೋ ಸಭೆಗೆ ಆ ಪ್ರಯೋಗದ ಗ್ರಾಫ್ ಬೇಕಾಯಿತು. ಚುಕ್ಕಿ ಮೇಡಂ ಇಲಿಗಳ ಗುಂಪಿಗೊಂದರಂತೆ ಕಂಬಗಳನ್ನು ಎಳೆದು, ಬಣ್ಣ ತುಂಬಿ, ಅವರ ಮುಂದೆ ಹಿಡಿದಳು. ಅವರು ಕನ್ನಡಕ ಹಣೆಗೇರಿಸಿದರು.

"ಮೂರೇ ಕಂಬ ಇದೆಯಲ್ಲ ಮೇಡಂ. ಕಾಯಿಲೆ ಇಲಿ, ಹಳೇ ಪಂಜರ. ಅದೆಲ್ಲಿ?"

"ಅದರಲ್ಲಿ ಏನಿದೆ ಸರ್. ಅವು ಸುಮ್ನೆ ಕೂತಿದ್ವು."

"ಸುಮ್ನೆ ಕೂತಿದ್ದನ್ನೂ ನೀವೇ ಎಣಿಸಿದ್ದೀರಲ್ಲ. ತೆಗೀರಿ ನೋಡೋಣ."

ಅವಳು ಹಳೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದಳು. ಹೊಸ ಮೂಲೆಯೊಂದನ್ನೂ ಕಾಣದೆ, ಹೊಸ ವಾಸನೆಯೊಂದನ್ನೂ ಮೂಸದೆ, ಹುಟ್ಟಿದ ಜಾಗದಲ್ಲೇ ಬೆಚ್ಚಗೆ ಕುಳಿತಿದ್ದ ಕಾಯಿಲೆಯ ಇಲಿಗಳು. ಅವುಗಳ ಮಿದುಳಿನ ತುಂಬ ಹಸಿರು ಚುಕ್ಕಿ. ಹೊಸ ಪಂಜರಕ್ಕೆ ಹೋದವಕ್ಕೆ ಇನ್ನೊಂದಿಷ್ಟು ಹೆಚ್ಚು, ಅದು ನಿಜ. ಆದರೆ ಹಳೇ ಪಂಜರ ಯಾವ ಇಲಿಯನ್ನೂ ಕಾಪಾಡಿರಲಿಲ್ಲ. ಅಷ್ಟೂ ಚುಕ್ಕಿಗಳನ್ನು ಅವಳೇ ಕೂತು ಎಣಿಸಿದ್ದಳು, ಎಣಿಸಿ ಮರೆತಿದ್ದಳು. ಮನೆಯಲ್ಲಿ ಮರೆವಿರುವುದು ಒಬ್ಬರಿಗೇ ಎಂದು ಇಷ್ಟು ದಿನ ತಿಳಿದಿದ್ದಳು.

"ಏನಾಯ್ತು ಮೇಡಂ?"

"ಕಂಬ ಸಿಕ್ತು ಸರ್," ಎಂದು ಹೊರಗೆ ಬಂದಳು. ಫ್ರೀಜರುಗಳ ಸದ್ದಿನಲ್ಲಿ ಯಾರಿಗೂ ಕೇಳದಂತೆ ಅತ್ತು, ಮುಖ ತೊಳೆದು, ತಂಗಿಗೆ ಫೋನ್ ಮಾಡಿದಳು.

"ನಾಳೆ ಮಗು ಕರ್ಕೊಂಡು ಬಾ."

"ಅಮ್ಮ ಸ್ಥಿತಿಗೆ ಬಂದ್ಲಾ?"

"ಇಲ್ಲ. ಬಾ."

ಮರುದಿನ ಬೆಳಗ್ಗೆ ತಂಗಿ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಳು. ಅಮ್ಮ ತನ್ನ ಕುರ್ಚಿಯಿಂದ ತಲೆಯೆತ್ತಿ ನೋಡಿದಳು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಮೊದಲು ಎಲ್ಲಾದ್ರೂ ಗಾಡಿ ಕಲಿತಿದ್ದೀರಾ, ಇಲ್ಲಾ ಇದೇ ಶುರುನಾ?"

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ನೆಲ ನೋಡಿದಳು. ಮಗು ಹುಟ್ಟಿದ ವಾರ ಕರೆತಂದಿದ್ದರೆ ಅಮ್ಮ ಈ ಮಗಳನ್ನು ಹೆಸರು ಹಿಡಿದು ಕರೆದು, ಯಾಕಿಷ್ಟು ಸೊರಗಿದ್ದೀಯ ಎಂದು ಬೈಯುತ್ತಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು. ತಂಗಿ ಬೈದಿದ್ದರೇ ಚೆನ್ನಾಗಿರುತ್ತಿತ್ತು.

ತಂಗಿ ಮಗುವನ್ನು ಅಮ್ಮನ ತೊಡೆಯ ಮೇಲೆ ಕೂರಿಸಿದಳು. ಅದು ಅಮ್ಮನ ಎರಡೂ ಹೆಬ್ಬೆರಳು ಹಿಡಿದು ಜಗ್ಗತೊಡಗಿತು.

"ಹಿಡಿತ ಚೆನ್ನಾಗಿದೆ," ಎಂದಳು ಅಮ್ಮ, ಪರೀಕ್ಷೆ ಮಾಡಲು ಕೂತವಳ ಗತ್ತಿನಲ್ಲಿ. "ಸ್ಟೀರಿಂಗ್ ಬಿಡಲ್ಲ ಇವಳು. ಯಾರ ಮಗು ಇದು?"

"ನಿನ್ನ ಮೊಮ್ಮಗಳಮ್ಮಾ."

"ನಂಗೆ ಮೊಮ್ಮಗಳಾ!" ಅಮ್ಮನ ಮುಖ ಅರಳಿತು. ಮಗುವಿನ ಕೆನ್ನೆ, ಕಿವಿ, ಅಂಗಾಲು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. "ಯಾರೂ ನಂಗೆ ಹೇಳ್ಲೇ ಇಲ್ವಲ್ಲ!"

ಚಹಾ ಬಂತು. ಚಹಾ ಕುಡಿದು ಲೋಟ ಕೆಳಗಿಟ್ಟ ಅಮ್ಮ ತೊಡೆಯ ಕಡೆ ನೋಡಿ, ಯಾರ ಮಗು ಇದು ಎಂದಳು. ತಂಗಿ ಹೇಳಿದಳು. ಮುಖ ಮತ್ತೆ ಅಷ್ಟೇ ಅರಳಿತು, ಒಂದಿಷ್ಟೂ ಕಡಿಮೆಯಿಲ್ಲ. ಆಮೇಲೆ ಅದೇ ದೂರು, ಯಾರೂ ಹೇಳಲೇ ಇಲ್ಲವೆಂದು. ತಂಗಿಗೆ ಅಳು ನಗು ಒಟ್ಟಿಗೆ ಬಂದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆ ದೂರು ಯಾರ ವಿಳಾಸಕ್ಕೆಂದು ಚುಕ್ಕಿ ಮೇಡಂಗೆ ಗೊತ್ತಿತ್ತು. ಈ ಖುಷಿಗೆ ಅಮ್ಮನ ತಲೆಯೊಳಗೆ ಎಷ್ಟು ಚುಕ್ಕಿ ಎದ್ದಿರಬಹುದೆಂದು ಅಭ್ಯಾಸಬಲದಿಂದ ಒಮ್ಮೆ ಯೋಚಿಸಿ, ಎಣಿಸದೆ ಬಿಟ್ಟಳು. ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ನಾನು ಹೇಳ್ಬೇಕಿತ್ತಮ್ಮ. ನಾನೇ ಹೇಳ್ಲಿಲ್ಲ."

ಅಮ್ಮ ಅವಳನ್ನು ಬಹಳ ಹೊತ್ತು ನೋಡಿದಳು. ಗುರುತು ಸಿಕ್ಕಿತೋ ಇಲ್ಲವೋ, ತಲೆಯ ಮೇಲೆ ಕೈಯಿಟ್ಟಳು.

"ಇರ್ಲಿ ಬಿಡು. ಮೊದಲ ಸಲ ಎಲ್ರೂ ಗಾಡಿ ಆಫ್ ಮಾಡ್ಕೋತಾರೆ. ಮತ್ತೆ ಸ್ಟಾರ್ಟ್ ಮಾಡು."

ಅರ್ಧ ಊರಿಗೆ ಹೇಳಿದ್ದ ಮಾತೇ ಅದು. ಮಗಳಿಗೆ ಹೇಳಿದ್ದು ಇದೇ ಮೊದಲು.

ಮಗು ಒದ್ದಿತು. ಅಮ್ಮ ಬೆಚ್ಚಿ ತೊಡೆಯ ಕಡೆ ನೋಡಿದಳು.

"ಅಯ್ಯೋ, ಯಾರ ಮಗು ಇದು?"

ತಂಗಿ ಬಾಯಿ ತೆರೆಯುವ ಮೊದಲೇ ಚುಕ್ಕಿ ಮೇಡಂ ಹೇಳಿದಳು. "ನಿನ್ನ ಮೊಮ್ಮಗಳಮ್ಮಾ," ಎಂದು ಹೇಳಿ, ಆ ಮುಖ ಅರಳುವುದನ್ನು ಹತ್ತಿರದಿಂದ, ಮೊದಲಿನಿಂದ ನೋಡಿದಳು.