ಆರು ಹುಡುಗಿಯರ ತಲೆಸುತ್ತು

ಪರೀಕ್ಷೆಗೆ ಮೂವತ್ತೆಂಟು ದಿನ ಬಾಕಿ ಇರುವಾಗ ಹತ್ತನೇ ತರಗತಿಯ ಆರು ಹುಡುಗಿಯರ ಹೆಸರನ್ನು ಶಾಲೆಯವರು ಹಾಜರಿ ಪುಸ್ತಕದಿಂದ ಹೊಡೆದುಹಾಕಿದರು. ಆರೂ ಜನರ ತಾಯಂದಿರು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಯಾವುದಕ್ಕೆ ಒಪ್ಪಿದೆವು ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆ ಆರರಲ್ಲಿ ಗಿಡ್ಡಿ ಒಬ್ಬಳು. ಅವಳ ಅಮ್ಮ ಅದೇ ಶಾಲೆಯ ಆಯಾ. ಹದಿನಾಲ್ಕು ವರ್ಷದಿಂದ ಅಲ್ಲಿನ ಹನ್ನೊಂದು ಕೋಣೆ, ಎಂಟು ಕಕ್ಕಸು ಗುಡಿಸಿ ತೊಳೆದು ಬೆರಳ ಸಂದೆಲ್ಲ ಬಿರಿದವಳು. ಹಿಂದಿನ ಸಂಜೆ ಮನೆಗೆ ಬಂದವಳೇ ನೀಲಿ ಮಸಿಯ ಹೆಬ್ಬೆರಳು ಎತ್ತಿ ತೋರಿಸಿದ್ದಳು.

"ನೋಡೇ, ನಿನ್ನ ಪರೀಕ್ಷೆ ಕಾಗದಕ್ಕೆ ಒತ್ತಿ ಬಂದೆ. ದೊಡ್ಡ ಮೇಡಂ ಕುರ್ಚಿ ಕೊಟ್ಟು ಕೂರಿಸಿದ್ರು ಕಣೆ! ಇಷ್ಟು ವರ್ಷ ಆ ಕುರ್ಚಿ ಒರೆಸಿದ್ದೆ ಅಷ್ಟೇ, ಕೂತಿರ್ಲಿಲ್ಲ."

"ಮೆತ್ತಗಿತ್ತಾ?"

"ಅಯ್ಯೋ, ಏಳೋಕೇ ಮನಸ್ಸು ಬರ್ಲಿಲ್ಲ."

ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಬೆಳಗ್ಗೆ ಹಾಜರಿ ಕೂಗುವಾಗ ಕ್ಲಾಸ್ ಟೀಚರು ಹದಿನಾರರಿಂದ ಹದಿನೆಂಟಕ್ಕೆ ಹಾರಿದರು.

"ಮಿಸ್, ನಾನು ಹದಿನೇಳು."

"ಆಫೀಸಿಗೆ ಹೋಗಮ್ಮ," ಎಂದರು ಟೀಚರು, ಪುಸ್ತಕದಿಂದ ತಲೆ ಎತ್ತದೆ. ಪಕ್ಕದಲ್ಲಿ ಕೂತಿದ್ದ ಮುತ್ತು ತನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕತೊಡಗಿದಳು. ಮುತ್ತಿನಂಥ ಅಕ್ಷರ ಬರೆಯುತ್ತಾಳೆಂದು ಅವಳನ್ನು ಇಡೀ ಶಾಲೆ ಮುತ್ತು ಎಂದೇ ಕರೆಯುತ್ತಿತ್ತು. ಐದನೇ ಕ್ಲಾಸಿನಿಂದ ಗಿಡ್ಡಿ ಮತ್ತು ಅವಳು ಒಂದೇ ಬೆಂಚು.

ದೊಡ್ಡ ಮೇಡಂ ಮೇಜಿನ ಮೇಲಿನ ಕಾಗದವನ್ನು ತಾವೇ ತಿರುಗಿಸಿ ಗಿಡ್ಡಿಯ ಕಡೆಗೆ ತಳ್ಳಿದರು. "ಓದು ಮರಿ. ಕದ್ದುಮುಚ್ಚಿ ಮಾಡೋದು ನಮ್ಮಲ್ಲಿ ಏನೂ ಇಲ್ಲ."

"ನನ್ನ ಮಗಳಿಗೆ ತಲೆಸುತ್ತಿನ ಕಾಯಿಲೆ ಇರುವುದರಿಂದ ಈ ವರ್ಷ ಅವಳನ್ನು ಪರೀಕ್ಷೆಗೆ ಕೂರಿಸಲು ನನಗೆ ಇಷ್ಟವಿಲ್ಲ. ಇದಕ್ಕೆ ಯಾರ ಬಲವಂತವೂ ಇಲ್ಲ." ಕೆಳಗೆ ಅಮ್ಮನ ಹೆಬ್ಬೆಟ್ಟು. ಅಕ್ಷರಗಳು ಪೋಣಿಸಿಟ್ಟಂತಿದ್ದವು. ಗಿಡ್ಡಿಗೆ ಓದಿ ಮುಗಿಸುವ ಮೊದಲೇ ಅದು ಯಾರ ಕೈ ಎಂದು ಗೊತ್ತಾಯಿತು.

"ಮೇಡಂ, ಹೋದ ಪರೀಕ್ಷೇಲಿ ಗಣಿತದಲ್ಲಿ ಮೂವತ್ತೊಂದು ಬಂದಿದೆ. ಅದಕ್ಕೆ ಮುಂಚೆ ಹತ್ತೊಂಬತ್ತು. ಅದಕ್ಕೂ ಮುಂಚೆ ಹನ್ನೆರಡು. ಇನ್ನು ನಾಲ್ಕೇ ಬೇಕು."

"ನಾಲ್ಕು ಬಂದ್ರೆ ಸರಿ. ಬರದಿದ್ರೆ?" ಮೇಡಂ ಕಿಟಕಿಯಾಚೆ ತೋರಿಸಿದರು. ಕಾಂಪೌಂಡ್ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಹತ್ತೊಂಬತ್ತು ವರ್ಷ, ನೂರಕ್ಕೆ ನೂರು' ಎಂದು ಬರೆದಿತ್ತು. ಪ್ರತಿ ವರ್ಷ ಪೇಂಟರ್ ಏಣಿ ಹಾಕಿ ಮೊದಲ ಪದವೊಂದನ್ನೇ ಬದಲಾಯಿಸಿ ಹೋಗುತ್ತಿದ್ದ. "ಮೂವತ್ತೆಂಟು ದಿನ ನಿನ್ನ ನಂಬ್ಕೊಂಡು ನಾನು ಆ ಗೋಡೆ ಮೇಲೆ ಸುಣ್ಣ ಬಳಿಸ್ಲಾ?"

ಬಾಗಿಲ ಬಳಿ ಬಕೆಟ್ಟು ಹಿಡಿದು ನಿಂತಿದ್ದ ಅಮ್ಮನಿಗೆ ಆಗಷ್ಟೇ ವಿಷಯ ಅರ್ಥವಾಯಿತು. "ಮೇಡಂ, ತಾವು ಪರೀಕ್ಷೆಗೆ ಅಂದ್ರಲ್ಲ..."

"ಪರೀಕ್ಷೆಗೇ ಸಂಬಂಧಪಟ್ಟಿದ್ದು ಅಲ್ವೇನಮ್ಮ ಇದು? ಸುಳ್ಳು ಹೇಳಿದ್ನಾ ನಾನು?" ಮೇಡಂ ನಕ್ಕರು. "ಶಾಲೆ ಬಿಡು ಅಂತ ಯಾರೂ ಹೇಳ್ತಿಲ್ಲ. ದಿನಾ ಬರ್ಲಿ. ನಿನಗೂ ವಯಸ್ಸಾಯ್ತು, ಒಂದು ಕೈ ಜೊತೆಗಿದ್ರೆ ಒಳ್ಳೇದಲ್ವಾ?"

ಅಮ್ಮ ಗಿಡ್ಡಿಯ ರಟ್ಟೆ ಹಿಡಿದು ಹೊರಗೆಳೆದಳು. ಮೆಟ್ಟಿಲ ಕೆಳಗೆ ನಿಲ್ಲಿಸಿ ಪಿಸುಗುಟ್ಟಿದಳು: "ಬಾಯಿ ಬಿಟ್ಟೀಯ ಜೋಕೆ. ಇರೋ ಕೆಲಸಾನೂ ಹೋಗುತ್ತೆ."

"ನಾನು ಲ್ಯಾಬಿನ ಕೋರ್ಸಿಗೆ ಹೋಗ್ಬೇಕಮ್ಮ. ಹತ್ತನೇದು ಪಾಸಾಗದೆ ಒಳಗೇ ಬಿಡಲ್ಲ."

ಅಮ್ಮನಿಗೂ ಅದು ಗೊತ್ತಿತ್ತು. ಹೋದ ವರ್ಷ ಜ್ವರ ಬಂದು ಆಸ್ಪತ್ರೆಗೆ ಹೋದಾಗ ಇಬ್ಬರು ನರ್ಸುಗಳು ಅಮ್ಮನ ಕೈಯನ್ನು ಐದು ಕಡೆ ಚುಚ್ಚಿಯೂ ನರ ಸಿಗದೆ ಬೈದು ಹೋಗಿದ್ದರು. ಆಮೇಲೆ ಲ್ಯಾಬಿನ ಹುಡುಗಿಯೊಬ್ಬಳು ಬಂದು, ಕಣ್ಣು ಮುಚ್ಚಿ ಬೆರಳಲ್ಲೇ ತಡಕಿ, ಒಂದೇ ಸಲಕ್ಕೆ ರಕ್ತ ತೆಗೆದಿದ್ದಳು. ಅಂದಿನಿಂದ ಗಿಡ್ಡಿ ಮಲಗಿದ ಅಮ್ಮನ ಕೈ ಹಿಡಿದು ನರ ಹುಡುಕುವುದನ್ನು ರೂಢಿ ಮಾಡಿಕೊಂಡಿದ್ದಳು.

"ಆಗೋ ಮಾತು ಆಡು," ಎಂದು ಅಮ್ಮ ಪೊರಕೆಯನ್ನು ಅವಳ ಕೈಗಿತ್ತಳು.

ಮಧ್ಯಾಹ್ನ ನಲ್ಲಿಯ ಹತ್ತಿರ ಮುತ್ತು ಸಿಕ್ಕಳು.

"ಆರೂ ನೀನೇ ಬರೆದ್ಯೇನೆ?"

"ನಾನಲ್ಲದಿದ್ರೆ ಇನ್ನೊಬ್ಬಳು ಬರೀತಿದ್ಲು. ಹಾಸ್ಟೆಲ್ ಸೀಟಿಗೆ ಮೇಡಂ ಶಿಫಾರಸು ಬೇಕು ನಂಗೆ. ನಮ್ಮಪ್ಪ ಮುಂದೆ ಓದಿಸಲ್ಲ, ನಿಂಗೊತ್ತಲ್ಲ."

"ನಂಗೆ ಯಾವಾಗ್ಲೇ ತಲೆಸುತ್ತು ಬಂದಿದ್ದು?"

ಮುತ್ತು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತಳು. "ಮೇಡಂ ಬುದ್ಧಿ ಮಂದ ಅಂತ ಬರೆಯೋಕೆ ಹೇಳಿದ್ರು. ತಲೆಸುತ್ತು ಅಂತ ಬದಲಾಯಿಸಿದ್ದು ನಾನೇ, ನಿನಗೋಸ್ಕರ. ಆಮೇಲೆ ಮಿಕ್ಕ ಐದಕ್ಕೂ ಅದೇ ಹಾಕ್ದೆ." ಅವಳು ನಿಜವಾಗಿಯೂ ಥ್ಯಾಂಕ್ಸಿಗೆ ಕಾದಂತಿತ್ತು.

ಮಿಕ್ಕ ಐವರು ಮನೆಯಲ್ಲೇ ಉಳಿದರು. ಒಬ್ಬಳಿಗೆ ಗಂಡು ನೋಡತೊಡಗಿದರಂತೆ. ಗಿಡ್ಡಿ ಮಾತ್ರ ದಿನಾ ಶಾಲೆಗೆ ಬಂದಳು. ತನ್ನ ಕ್ಲಾಸಿನವರ ಕಾಲಿನ ಧೂಳು ಗುಡಿಸಿದಳು, ಹತ್ತನೇ ತರಗತಿಯ ಕಿಟಕಿಯ ಗಾಜನ್ನು ಗಣಿತದ ಪಿರಿಯಡ್ಡು ನೋಡಿಕೊಂಡೇ ಬಂದು ಒರೆಸಿದಳು. "ಗಾಜು ಸವೆದುಹೋದೀತು ಕಣೇ," ಎಂದು ಹುಡುಗಿಯರು ಕಿಸಿಕಿಸಿ ನಕ್ಕರು. ಅವಳು ಕರಿಹಲಗೆಯ ಲೆಕ್ಕಗಳನ್ನು ತಲೆಯಲ್ಲಿ ಬಿಡಿಸುತ್ತಾ ಗಾಜಿನ ಅದೇ ಜಾಗವನ್ನು ಮತ್ತೆ ಮತ್ತೆ ಉಜ್ಜಿದಳು.

ಪರೀಕ್ಷೆಯ ಹಿಂದಿನ ದಿನ ಡೆಸ್ಕುಗಳಿಗೆ ನಂಬರ್ ಚೀಟಿ ಅಂಟಿಸುವ ಕೆಲಸ ತಾಯಿ ಮಗಳ ಪಾಲಿಗೆ ಬಂತು. ಗೋಂದಿನ ಡಬ್ಬಿ, ಪರೀಕ್ಷಾ ಬೋರ್ಡಿನಿಂದ ಬಂದ ಪಟ್ಟಿ, ಚೀಟಿಗಳ ಕಟ್ಟು. ಪಟ್ಟಿಯಲ್ಲಿ ಆರೂ ಹುಡುಗಿಯರ ಹೆಸರಿತ್ತು. ಹೆಬ್ಬೆಟ್ಟಿನ ಕಾಗದಗಳು ಮೇಡಂ ಬೀರುವಿನಿಂದ ಆಚೆಗೆ ಹೋಗಿಯೇ ಇರಲಿಲ್ಲ. ಬೋರ್ಡಿನ ಪ್ರಕಾರ ಈ ಆರು ಜನ ನಾಳೆ ಬರುವವರು. ಬಾರದಿದ್ದರೆ ಗೈರು. ಗೈರಾದವರು ಫೇಲಾದವರ ಸಾಲಿಗೆ ಸೇರುವುದಿಲ್ಲ, ಗೋಡೆಯ ನೂರಕ್ಕೆ ಕೂದಲೂ ಕೊಂಕುವುದಿಲ್ಲ.

ಗಿಡ್ಡಿಗೆ ಕಣ್ಣ ಮುಂದಿನ ಪೊರೆ ಹರಿದಂತಾಯಿತು.

"ಗೀಟು ಹಾಕಿರೋ ಆರು ಚೀಟಿ ಹರಿದು ಹಾಕು. ಆ ಡೆಸ್ಕುಗಳು ಹೊರಗೆ ಹೋಗ್ಲಿ," ಎಂದು ಹೇಳಿ ಹೋಗಿದ್ದ ದೊಡ್ಡ ಮೇಡಂ ಒಂದು ಗಂಟೆ ಬಿಟ್ಟು ಬಂದಾಗ ಮೂರನೇ ಸಾಲಿನ ಕೊನೆಯ ಡೆಸ್ಕಿನ ಮೇಲೆ ಗಿಡ್ಡಿಯ ನಂಬರ್ ಅಂಟಿಕೊಂಡಿತ್ತು. ಗಿಡ್ಡಿ ಅದರ ಹಿಂದೆ ಕೂತಿದ್ದಳು.

"ಇದೇನೇ ಇದು?"

"ನನ್ನ ಹಾಲ್ ಟಿಕೆಟ್ ಕೊಡಿ ಮೇಡಂ. ನಂಬರ್ ಬಂದಿದೆ ಅಂದ್ಮೇಲೆ ಅದೂ ಬಂದಿರುತ್ತೆ."

ಮೇಡಂ ಅಮ್ಮನ ಕಡೆ ತಿರುಗಿದರು. "ಆಯಾ, ಆ ಚೀಟಿ ಕಿತ್ತು ಇವಳನ್ನ ಎಬ್ಬಿಸು. ಆಗದಿದ್ರೆ ನಾಳೆಯಿಂದ ಇಬ್ಬರೂ ಗೇಟಿನ ಆಚೆಗೇ ಇರಿ."

ಅಮ್ಮ ಬಟ್ಟೆ ಒದ್ದೆ ಮಾಡಿಕೊಂಡು ಬಂದಳು. ಗಿಡ್ಡಿ ಚೀಟಿಯ ಮೇಲೆ ಎರಡೂ ಅಂಗೈ ಊರಿದಳು. ಅಮ್ಮ ಬೆರಳುಗಳ ಸುತ್ತ ಉಜ್ಜಿದಳು, ಆಮೇಲೆ ಕಿರುಬೆರಳನ್ನು ಹಿಂದಕ್ಕೆ ಬಾಗಿಸಿದಳು, ಅದರ ಪಕ್ಕದ್ದನ್ನು ಬಾಗಿಸಿದಳು. ಗಿಡ್ಡಿ ನೋವಿಗೆ ತುಟಿ ಕಚ್ಚಿದಳು.

"ಬಿಡೇ ಮಗಾ, ನಿನ್ನ ಕಾಲು ಹಿಡೀತೀನಿ," ಎನ್ನುತ್ತಲೇ ಅಮ್ಮ ಉಗುರು ತೂರಿಸಿ ಎಳೆದಳು. ಕೊನೆಯ ಎರಡು ಅಂಕಿ ಹರಿದುಬಂದವು.

"ಇನ್ನೂ ಇದೆ," ಎಂದರು ಮೇಡಂ.

ಅಮ್ಮ ಮಗಳ ಜಡೆಗೆ ಕೈ ಹಾಕಿದಳು. "ಏಳೇ ಹಾಳಾದೋಳೇ, ಎದ್ದು ಬಾ!"

ಎಳೆದ ರಭಸಕ್ಕೆ ಗಿಡ್ಡಿಯ ತಲೆ ಹಿಂದಕ್ಕೆ ವಾಲಿತು. ಕೈ ಮಾತ್ರ ಡೆಸ್ಕು ಬಿಡಲಿಲ್ಲ.

"ಏಳಲ್ಲಮ್ಮ. ನಾಳೆ ಪರೀಕ್ಷೆ ಮುಗಿಯೋವರೆಗೂ ಏಳಲ್ಲ."